ಅಂತರಪಟ ಬಿದ್ದಾಗ ಮುಳ್ಳು ಎಲ್ಲಿತ್ತು

ಹೋದ ವರ್ಷ ಬನ್ನೂರಿನ ರಶ್ಮಿ ಎಂಬ ಹುಡುಗಿ ನಂಜನಗೂಡಿನ ನಮ್ಮ ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, "ಅಂಕಲ್, ಮುಳ್ಳು ಚೆನ್ನಾಗ್ ಅಲ್ಲಾಡ್ತದೆ, ಫೋಟೋ ಮಾತ್ರ ಒಂದೂ ನೆಟ್ಟಗ್ ಬರ್ತಿಲ್ಲ" ಎಂದಳು. ಅವಳ ಕೈಯಲ್ಲಿದ್ದುದು ರೀಲು ಹಾಕುವ ಹಳೇ ರೇಂಜ್‌ಫೈಂಡರ್ ಕ್ಯಾಮೆರಾ. ನಾನು ಅದನ್ನು ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಒಮ್ಮೆ ಶಟರ್ ಒತ್ತಿದೆ. ಆ ಸಣ್ಣ ಟಿಕ್ ಸದ್ದು ಕೇಳಿದ್ದೇ ತಡ, ಅರವತ್ನಾಲ್ಕರ ಮುದುಕನಿಗೆ ಹದಿನಾರು ತುಂಬಿದಂತಾಯಿತು. ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ತಿರುಗಿ, "ಭಾಗ್ಯಾ, ಕಾಫಿ ಇಡು. ಅಂಗೇ ಉಪ್ಪಿಟ್ಗೂ ರವೆ ಉರಿ. ಈ ಮಗು ಬೇಗ ಓಗಾಕಿಲ್ಲ" ಎಂದು ಕೂಗಿದೆ. ಪಾಪ, ಆ ಮಗು ಹೋಗಬೇಕೆಂದೇ ಇತ್ತು, ನಾನು ಬಿಡಲಿಲ್ಲ.

ರಶ್ಮಿ ಮದುವೆ ಫೋಟೋ ತೆಗೆಯುವವಳು. ಅವಳ ಡಿಜಿಟಲ್ ಕ್ಯಾಮೆರಾ ಒಂದು ಮುಹೂರ್ತಕ್ಕೆ ಸಾವಿರಾರು ಫೋಟೋ ಉಗುಳುತ್ತದೆ. ಈಗ ಮದುವೆ ಹುಡುಗಿಯರಿಗೆ ಹೊಸ ಹುಚ್ಚು ಹಿಡಿದಿದೆಯಂತೆ, ಎರಡು ರೀಲಾದರೂ ಹಳೇ ಕ್ಯಾಮೆರಾದಲ್ಲಿ ಬೇಕಂತೆ. ಹಾಗಾಗಿ ಅವಳೂ ಅವಳಂಥ ಇನ್ನೊಂದಷ್ಟು ಜನರೂ ನಾವು ಬಿಟ್ಟು ಬಂದ ಕಸುಬಿಗೆ ಹೊಸದಾಗಿ ಇಳಿಯುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಗಿಡ್ತಿಯ ವಿಷಯ ಕೇಳಬೇಡಿ. ಸ್ಟುಡಿಯೋಗೆ ಸೇರಿದಾಗ ಸ್ಟೂಲಿನ ಮೇಲೆ ಕೂತಿದ್ದೆ, ಬಿಟ್ಟಾಗ ಕುರ್ಚಿಯ ಮೇಲೆ ಕೂತಿದ್ದೆ. ನಡುವೆ ನಡೆದದ್ದೆಲ್ಲ ಎಡವಟ್ಟು. ಅದರಲ್ಲಿ ಒಂದು ಎಡವಟ್ಟು, ಒಂದೇ ಒಂದು ಫೋಟೋ, ಮೂವತ್ತನಾಲ್ಕು ವರ್ಷ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಮೊದಲು ಪಾಠ. ಉಪ್ಪಿಟ್ಟು ತಿನ್ನುತ್ತಾ ರಶ್ಮಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಈ ಜಾತಿಯ ಕ್ಯಾಮೆರಾದಲ್ಲಿ ನಾವು ಕಣ್ಣಿಟ್ಟು ನೋಡುವ ಕಿಟಕಿ ಬೇರೆ, ಫೋಟೋ ಹಿಡಿಯುವ ಲೆನ್ಸು ಬೇರೆ, ಬೆಳಕು ಅಳೆಯುವ ಮೀಟರಿನ ಕಣ್ಣು ಬೇರೆ. ಒಂದೇ ಮನೆಯಲ್ಲಿ ಮೂವರು ವಾರಗಿತ್ತಿಯರಿದ್ದಂತೆ. ಒಬ್ಬಳು ಏನು ಮಾಡುತ್ತಿದ್ದಾಳೆಂದು ಇನ್ನೊಬ್ಬಳಿಗೆ ತಿಳಿಯುವುದಿಲ್ಲ, ತಿಳಿದರೂ ಹೇಳುವುದಿಲ್ಲ. ಕಿಟಕಿಯಲ್ಲಿ ಎದುರಿನವರ ಮೂಗು ಎರಡು ಕಾಣುತ್ತದೆ. ಉಂಗುರ ತಿರುಗಿಸಿ ಎರಡು ಮೂಗನ್ನು ಒಂದು ಮಾಡಿದರೆ ದೂರ ಸರಿಯಾಯಿತು ಎಂದರ್ಥ. ಬೆಳಕಿನ ಕೆಲಸ ಮೀಟರಿನದು. ಅದರ ಕಣ್ಣಿಗೆ ಬಿದ್ದ ಬೆಳಕಿಗೆ ತಕ್ಕಂತೆ ಸೆಲ್ಲಿನಿಂದ ಸಣ್ಣ ಕರೆಂಟು ಹರಿದು, ಆ ಕರೆಂಟು ಕಿಟಕಿಯ ಅಂಚಿನಲ್ಲಿರುವ ಕೂದಲೆಳೆಯಂಥ ಮುಳ್ಳನ್ನು ತಳ್ಳುತ್ತದೆ. ಬೆಳಕು ಜಾಸ್ತಿಯಾದರೆ ಮುಳ್ಳು ಒಂದು ಕಡೆಗೆ, ಕಡಿಮೆಯಾದರೆ ಇನ್ನೊಂದು ಕಡೆಗೆ. ಮುಳ್ಳು ಎಷ್ಟು ಹೇಳಿತೋ ಅಷ್ಟು ಲೆನ್ಸು ಬಾಯಿ ತೆರೆಯುತ್ತದೆ.

ವಾರಗಿತ್ತಿಯರ ಮಾತು ಸುಮ್ಮನೆ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿ. ನರಸೀಪುರದ ಒಂದು ಕಚೇರಿಗೆ ಬೀಳ್ಕೊಡುಗೆಯ ಗ್ರೂಪ್ ಫೋಟೋ ತೆಗೆಯಲು ಹೋದೆ. ಸಾಹೇಬರು ನಡುವಿನ ಕುರ್ಚಿಯಲ್ಲಿ, ಕೊರಳಿಗೆ ಹಾರ, ಕೈಗೆ ರಸಬಾಳೆಯ ಬುಟ್ಟಿ. ನಾನು ತಂದಿದ್ದು ಮೀಟರಿನ ಕಣ್ಣು ಹಣೆಯ ಮೇಲಿರುವ ಇನ್ನೂ ಹಳೇ ಕ್ಯಾಮೆರಾ. ಕಿಟಕಿಯಲ್ಲಿ ಇಪ್ಪತ್ತು ಜನ ಚಂದ ಕಾಣುತ್ತಿದ್ದರು, ಮುಳ್ಳು ಖುಷಿಯಾಗಿ ಕುಣಿಯುತ್ತಿತ್ತು. ಆರು ಫೋಟೋ ಹೊಡೆದೆ. ಕೊನೆಗೆ ಅಟೆಂಡರ್ ಸಿದ್ದಯ್ಯ ಎನ್ನುವವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾ, ಮುಂದ್ಗಡೆ ಅದೇನೋ ಕರೀ ಮುಚ್ಳ ಐತಲ್ಲ, ಅದು ಅಂಗೇ ಇರ್ಬೇಕಾ?"

ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ. ನೋಡುವ ವಾರಗಿತ್ತಿಗೂ ಗೊತ್ತಿಲ್ಲ, ಅಳೆಯುವ ವಾರಗಿತ್ತಿಗೂ ಗೊತ್ತಿಲ್ಲ, ಫೋಟೋ ತೆಗೆಯುವವಳು ಕತ್ತಲಲ್ಲಿ ಕೂತಿದ್ದಾಳೆ. "ಇಷ್ಟೊತ್ತೂ ರಿಹರ್ಸಲ್ ಮಾಡುಸ್ತಿದ್ದೆ, ಈಗ ನಿಜವಾದ್ದು" ಎಂದೆ. ಸಾಹೇಬರು ಬುಟ್ಟಿಯನ್ನು ಇನ್ನೊಮ್ಮೆ ಎತ್ತಿ ಹಿಡಿದರು. ಅಷ್ಟರಲ್ಲಿ ಬುಟ್ಟಿಯಲ್ಲಿ ಎರಡು ಹಣ್ಣು ಕಡಿಮೆಯಾಗಿದ್ದವು. ತಿಂದವರು ಯಾರೆಂದು ಫೋಟೋದಲ್ಲಿ ಕೆನ್ನೆ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಯಜಮಾನರ ಹೆಸರು ಶ್ರೀಕಂಠಯ್ಯ. ನಂಜನಗೂಡಿನ ಪೇಟೆಬೀದಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಮನೆತನ ಪೂಜೆ ಪುರಸ್ಕಾರದ್ದು, ಇವರೊಬ್ಬರು ಆರತಿ ತಟ್ಟೆ ಬಿಟ್ಟು ಕ್ಯಾಮೆರಾ ಹಿಡಿದವರು. ಕವಲಂದೆಯಿಂದ ಬಂದು ಸೇರಿಕೊಂಡ ನನಗೆ ಅವರೇ ಗುರು, ಅವರೇ ಗುಮ್ಮ. ಮೀಟರನ್ನು ಅವರು ಮನೆಗೆ ಬಂದ ದೂರದ ನೆಂಟನಂತೆ ನಡೆಸಿಕೊಳ್ಳುತ್ತಿದ್ದರು, ಮಾತು ಕೇಳುವುದು, ಆದರೆ ನಂಬದಿರುವುದು. ಬೀದಿಯಲ್ಲಿ ನಡೆಯುವಾಗ ಆಗಾಗ ಅಂಗೈ ಬಿಡಿಸಿ ನೋಡಿಕೊಂಡು, "ನೂರಿಪ್ಪತ್ತೈದಕ್ಕೆ ಎಂಟು" ಎನ್ನುವರು. ಅಲ್ಲಿನ ಬೆಳಕಿಗೆ ಶಟರಿನ ವೇಗ ನೂರಿಪ್ಪತ್ತೈದು, ಲೆನ್ಸಿನ ಬಾಯಿ ಎಂಟು ಎಂದು ಲೆಕ್ಕ. ಹೋಟೆಲಿನಲ್ಲಿ ದೋಸೆ ಬಂದರೆ ಅದನ್ನೂ ಒಮ್ಮೆ ನೋಡಿ, "ಮೂವತ್ತಕ್ಕೆ ನಾಲ್ಕು" ಎಂದ ಮೇಲೇ ಕೈ ಹಾಕುವುದು. ಗೊತ್ತಿಲ್ಲದವರು ಇವರು ಜ್ಯೋತಿಷ್ಯ ಹೇಳಿಕೊಳ್ಳುತ್ತಿದ್ದಾರೆ ಎಂದು ಕೈ ಚಾಚಿದ್ದೂ ಉಂಟು.

"ಮಾದೇವ, ಈ ಮೀಟರಿಗೆ ಗೊತ್ತಿರೋದು ಒಂದೇ ಬಣ್ಣ ಕಣೋ, ಬೂದು" ಎನ್ನುತ್ತಿದ್ದರು. "ಬಿಳೀ ಪಂಚೆ ತೋರ್ಸು, ಅಯ್ಯೋ ಬೆಳಕು ಅತಿಯಾಯ್ತು ಅಂತ ಬಾಯಿ ಮುಚ್ಕೊಂಡು ಅದನ್ನ ಬೂದು ಮಾಡುತ್ತೆ. ಕರೀ ಕಂಬ್ಳಿ ತೋರ್ಸು, ಕತ್ಲಾಯ್ತು ಅಂತ ಬಾಯಿ ಬಿಟ್ಕೊಂಡು ಅದನ್ನೂ ಬೂದು ಮಾಡುತ್ತೆ. ಪ್ರಪಂಚವೆಲ್ಲಾ ವಿಭೂತಿ ಬಳ್ಕೊಂಡಿರ್ಬೇಕು ಅದಕ್ಕೆ. ಹಂಗಾಗಿ ಅದಕ್ಕೆ ಏನ್ ತೋರಿಸ್ತೀಯ ಅನ್ನೋದ್ರ ಮೇಲೆ ನಿಗಾ ಇರ್ಲಿ."

ಅವರ ಎರಡನೆಯ ಪಾಠ ಬೆರಳಿನದು. ನಮ್ಮ ಸ್ಟುಡಿಯೋದ ಒಳ್ಳೆಯ ರೇಂಜ್‌ಫೈಂಡರಿನಲ್ಲಿ ಗುಂಡಿಯನ್ನು ಅರ್ಧ ಒತ್ತಿದರೆ ಒಳಗೆ ಒಂದು ಹಲ್ಲಿನ ಪಟ್ಟಿ ಮೇಲೆದ್ದು, ಮುಳ್ಳು ಎಲ್ಲಿದೆಯೋ ಅಲ್ಲೇ ಅದನ್ನು ಕಚ್ಚಿ ಹಿಡಿಯುತ್ತಿತ್ತು. ಆಮೇಲೆ ಸೂರ್ಯನೇ ಮುಳುಗಿದರೂ ಮುಳ್ಳು ಅಲ್ಲಾಡುವಂತಿಲ್ಲ. "ಅರ್ಧ ಒತ್ತಿ ಕಾಯ್ತಾ ಇರು. ಕ್ಷಣ ಬಂದಾಗ ಮಿಕ್ಕರ್ಧ ಒತ್ತು. ಆಗ ಕೈ ಅಲ್ಲಾಡಲ್ಲ." ಈ ಎರಡು ಪಾಠಗಳನ್ನೂ ನಾನು ಬಾಯಿಪಾಠ ಮಾಡಿದ್ದೆ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಇರಲಿಲ್ಲ.

ಈಗ ಮದುವೆಗೆ ಬರೋಣ. ಶ್ರೀಕಂಠಯ್ಯನವರ ಒಬ್ಬಳೇ ಮಗಳು ಗಿರಿಜ. ವರ ಟಿ. ನರಸೀಪುರದ ನಾಗರಾಜ, ಹೈಸ್ಕೂಲು ಮೇಷ್ಟ್ರು. ಧಾರೆಯ ಹಿಂದಿನ ದಿನ ಯಜಮಾನರು ನನ್ನನ್ನು ಸ್ಟುಡಿಯೋ ಒಳಗೆ ಕರೆದು, ಆ ರೇಂಜ್‌ಫೈಂಡರನ್ನು ತಮ್ಮ ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು. ನನಗಿನ್ನೂ ಮದುವೆಯಾಗಿರಲಿಲ್ಲ, ಕೊರಳಿಗೆ ಬಿದ್ದ ಮೊದಲ ಹಾರ ಅದೇ.

"ಇಪ್ಪತ್ತೈದು ವರ್ಷ ಕಣೋ ಮಾದೇವ" ಎಂದರು. "ಅಂತರಪಟ ಬೀಳೋ ಕ್ಷಣದಲ್ಲಿ ಊರೋರ ಹೆಣ್ಮಕ್ಳ ಮುಖ ಎಲ್ಲಾ ನೋಡಿದೀನಿ. ಒಬ್ಳು ಅಳ್ತಾಳೆ, ಒಬ್ಳು ನಗ್ತಾಳೆ, ಒಬ್ಳು ನಾಚ್ಕೋತಾಳೆ. ಆ ಮುಖ ಆಮೇಲೆ ಯಾವತ್ತೂ ಬರಲ್ಲ. ನಾಳೆ ನಾನು ಧಾರೆ ಎರ್‍ಯೋ ತಂದೆ, ಅವಳ ಪಕ್ಕ ನಿಂತಿರ್ತೀನಿ. ನಮ್ಮುಡುಗಿ ಮುಖ ನಂಗೊಬ್ನಿಗೇ ಕಾಣಲ್ಲ. ನೀನು ಅಳಿಯಂದಿರ ಭುಜದ ಹಿಂದೆ ನಿಂತ್ಕೊಂಡು ತೆಗಿ. ಫ್ಲಾಶ್ ಬೇಡ, ಮುಖ ಹಪ್ಪಳ ಆಗೋಗುತ್ತೆ. ನಾನು ಆಮೇಲೆ ನೋಡ್ಕೋತೀನಿ."

"ಆಯ್ತು ಸಾ, ತೆಗ್ದುಕೊಡ್ತೀನಿ" ಎಂದೆ. ಎಷ್ಟು ಸುಲಭವಾಗಿ ಬಂತು ನೋಡಿ ಆ ಮಾತು.

ಮುಹೂರ್ತ ಬೆಳಿಗ್ಗೆ ಹತ್ತೂವರೆ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ. ಇಬ್ಬರು ಪುರೋಹಿತರು ವಧೂವರರ ನಡುವೆ ಬಿಳೀ ಪಂಚೆ ಹಿಡಿದಿದ್ದರು. ಚಪ್ಪರದ ಸಂದಿನಿಂದ ಬಂದ ಬಿಸಿಲು ನೆಟ್ಟಗೆ ಪಂಚೆಯ ಮೇಲೆ ಬಿದ್ದು ಪಂಚೆ ಪಳಪಳ ಹೊಳೆಯುತ್ತಿತ್ತು. ಅದರಾಚೆ ಗಿರಿಜ, ಗರಿಯ ನೆರಳಲ್ಲಿ. ನಾನು ನಾಗರಾಜ ಮೇಷ್ಟ್ರ ಭುಜದ ಹಿಂದೆ. ಕಿಟಕಿಯ ತುಂಬ ಪಂಚೆಯೋ ಪಂಚೆ. ಪಂಚೆಯ ಮೇಲಂಚಿಗೆ ಇಣುಕುತ್ತಿದ್ದ ಗಿರಿಜಳ ಬಾಸಿಂಗ ಎರಡಾಗಿದ್ದದ್ದನ್ನು ಒಂದು ಮಾಡಿಕೊಂಡು, ದೂರ ಸರಿಮಾಡಿ, ಉಸಿರು ಬಿಗಿಹಿಡಿದು, ಗುರುಗಳು ಹೇಳಿಕೊಟ್ಟಂತೆ ಗುಂಡಿಯನ್ನು ಅರ್ಧ ಒತ್ತಿ ಕಾದೆ. ಮಂಗಳಾಷ್ಟಕ ಮುಗಿಯಿತು, ವಾಲಗದವರು ಗಟ್ಟಿಮೇಳ ಎತ್ತಿದರು, ಪಂಚೆ ಕೆಳಗೆ ಬಿತ್ತು, ಇಬ್ಬರೂ ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಎಸೆದರು, ನಾನು ಮಿಕ್ಕರ್ಧ ಒತ್ತಿದೆ. ಆಹಾ, ನನ್ನಂಥ ಫೋಟೋಗ್ರಾಫರು ಕಪಿಲಾ ತೀರದಲ್ಲೇ ಇಲ್ಲ ಎನಿಸಿತು. ಮರುಕ್ಷಣ ನೆಂಟರೆಲ್ಲ ಅಕ್ಷತೆ ಹಾಕಲು ಎದ್ದು ಮುತ್ತಿಕೊಂಡರು. ಆಮೇಲೆ ತೆಗೆದ ಮೂರು ಫೋಟೋದಲ್ಲೂ ಬೆನ್ನುಗಳೇ. ಅದರಲ್ಲೊಂದು ಬೆನ್ನು ಯಾರದೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಮಗಳನ್ನು ನರಸೀಪುರಕ್ಕೆ ಕಳಿಸಿಕೊಟ್ಟ ಮಾರನೆಯ ದಿನ, ಊಟದ ಹೊತ್ತಿಗೇ ಯಜಮಾನರು ಡಾರ್ಕ್ ರೂಮಿಗೆ ಬಂದರು. ಕಣ್ಣು ಕೆಂಪಾಗಿದ್ದವು, ಕೆಂಪು ಬಲ್ಬಿನಿಂದಲ್ಲ. "ಧಾರೆ ಎರೀವಾಗ ನಂಗೇನೂ ಕಾಣ್ಲಿಲ್ಲ ಕಣೋ, ಕಣ್ ತುಂಬ ನೀರು. ಹಾಕು, ನೋಡನ" ಎಂದರು. ಕಾಗದವನ್ನು ಡೆವಲಪರ್ ಟ್ರೇಗೆ ಬಿಟ್ಟೆ. ಇಬ್ಬರೂ ಬಗ್ಗಿ ನಿಂತೆವು. ಮೆಲ್ಲಗೆ ಮೂಡಿತು. ಮೇಷ್ಟ್ರ ಪೇಟದ ಒಂದು ಅಂಚು, ಗಾಳಿಯಲ್ಲಿ ತೇಲುತ್ತಿರುವ ಒಂದು ಬಾಸಿಂಗ. ಬಾಸಿಂಗದ ಕೆಳಗೆ ಮುಖ ಇರಬೇಕಾದ ಜಾಗದಲ್ಲಿ ದೋಸೆ ಹೆಂಚಿನಂಥ ಕಪ್ಪು.

ಆಗ ಹೊಳೆಯಿತು. ನಾನು ಅರ್ಧ ಒತ್ತಿದಾಗ ಮೀಟರಿನ ಮುಂದೆ ಇದ್ದದ್ದು ಗಿರಿಜ ಅಲ್ಲ, ಬಿಸಿಲು ಬಿದ್ದ ಬಿಳೀ ಪಂಚೆ. ಮುಳ್ಳು ಅದನ್ನೇ ಅಳೆದು, ಬಾಯಿ ಮುಚ್ಚಿಕೊಂಡು, ಹಲ್ಲಿಗೆ ಸಿಕ್ಕಿಬಿದ್ದಿತ್ತು. ಪಂಚೆ ಬಿದ್ದರೂ ಮುಳ್ಳು ಬೀಳಲಿಲ್ಲ. ನೆರಳಲ್ಲಿದ್ದ ಹುಡುಗಿಯ ಮುಖಕ್ಕೆ ಬೆಳಕೇ ಸಾಲಲಿಲ್ಲ.

ಯಜಮಾನರು ಬೇರೆ ಬೇರೆ ಕಾಗದದಲ್ಲಿ ಸಂಜೆಯ ತನಕ ಪ್ರಿಂಟು ಹಾಕಿ ನೋಡಿದರು. ಒಂದರಲ್ಲಿ ಮೂಗುತಿ ಕಂಡಂತಾಯಿತು, ನೋಡಿದರೆ ಧೂಳಿನ ಚುಕ್ಕೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೈ ಒರೆಸಿಕೊಂಡು, "ಅರ್ಧ ಒತ್ತು ಅಂತ ಹೇಳ್ಕೊಟ್ಟೋನು ನಾನೇ ಅಲ್ವೇನೋ" ಎಂದು ಹೊರಗೆ ಹೋದರು. ನಾನು ಆ ಸಣ್ಣ ಕೋಣೆಯಲ್ಲಿ ಕೂತು ಗೊಳೋ ಎಂದು ಅತ್ತೆ. ಫೋಟೋ ತೊಳೆಯುವ ಹೈಪೋ ವಾಸನೆಗೆ ಕಣ್ಣುರಿ ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಗಿರಿಜ ಬಿಟ್ಟಾಳೆಯೇ. ತವರಿಗೆ ಬಂದಾಗಲೆಲ್ಲ, "ಮಾದೇವಣ್ಣ, ನನ್ ಮುಖ ಎಲ್ಲಿ ಮಡಗಿದೀಯಾ?" ಎಂದು ಕೇಳುವಳು. ಇದರ ಮೇಲೆ ಅವರ ಮನೆಯಲ್ಲಿ ಇನ್ನೊಂದು ಜಗಳ. ಜೀರಿಗೆ ಬೆಲ್ಲವನ್ನು ಮೊದಲು ಯಾರು ಹಾಕಿದರೋ ಸಂಸಾರದಲ್ಲಿ ಅವರ ಮಾತೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನೇ ಮೊದಲು ಎಂದು ಇವಳು, ನಾನೇ ಮೊದಲು ಎಂದು ಮೇಷ್ಟ್ರು. ಸಾಕ್ಷಿಯ ಫೋಟೋ ದೋಸೆ ಹೆಂಚು.

ಅಂದಿನಿಂದ ನನಗೆ ಬೂದಿನ ಹುಚ್ಚು ಹಿಡಿಯಿತು. ಮೀಟರಿಗೆ ಬೂದು ತಾನೆ ಬೇಕು, ಮೊದಲೇ ಬೂದನ್ನು ತೋರಿಸಿ, ಅದು ಹೇಳಿದ ಅಳತೆಯನ್ನು ಲೆನ್ಸಿನ ಮೇಲೆ ಕೈಯಲ್ಲೇ ತಿರುಗಿಸಿ ಇಟ್ಟುಬಿಟ್ಟರೆ, ಆಮೇಲೆ ಪಂಚೆಯಾದರೂ ಬರಲಿ ಕಂಬಳಿಯಾದರೂ ಬರಲಿ ಮೋಸ ಹೋಗುವ ಪ್ರಶ್ನೆಯಿಲ್ಲ. ಸರಿ, ಸರಿಯಾದ ಬೂದು ಎಲ್ಲಿದೆ? ಕಂಡಕಂಡದ್ದಕ್ಕೆಲ್ಲ ಮೀಟರು ಹಿಡಿದು, ಯಜಮಾನರ ಅಂಗೈ ಲೆಕ್ಕಕ್ಕೆ ಹೋಲಿಸಿ ನೋಡಿದೆ. ವಿಭೂತಿ ತೀರಾ ಬಿಳುಪು. ಒರಳುಕಲ್ಲು ಒದ್ದೆಯಾದರೆ ಕಪ್ಪು. ಕೊನೆಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು ಎಮ್ಮೆ. ಹೊಳೆಯಲ್ಲಿ ಮಿಂದು, ದಡದ ಮೇಲೆ ಒಣಗಿ, ಮೇಲಿಷ್ಟು ಧೂಳು ಕೂತ ಎಮ್ಮೆ, ಕರಾರುವಾಕ್ಕು. ಒಂದು ವಾರ ಕಪಿಲೆಯ ದಡದಲ್ಲಿ ಎಮ್ಮೆಗಳ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದೆ. ಮೇಯಿಸುವ ಮುದುಕಪ್ಪ ಒಬ್ಬ, "ನಮ್ಮೆಮ್ಮೆಗೆ ಗಂಡು ನೋಡ್ತಿದ್ದೀಯೇನ್ಲಾ, ಇಷ್ಟ್ ಫೋಟೋ ತಗೀತೀಯ" ಎಂದ.

ಎಮ್ಮೆಯನ್ನು ಮದುವೆ ಮನೆಗೆ ಕರೆದೊಯ್ಯಲಾಗುವುದಿಲ್ಲವಲ್ಲ. ಅದರ ಬೆನ್ನಿನ ಬಣ್ಣದ್ದೇ ಒಂದು ಚಪ್ಪಟೆ ಕಲ್ಲನ್ನು ಹೊಳೆಯಲ್ಲೇ ಹುಡುಕಿ, ಎಮ್ಮೆಗೂ ಕಲ್ಲಿಗೂ ಮುಳ್ಳು ಒಂದೇ ಕಡೆ ನಿಲ್ಲುವುದನ್ನು ನೋಡಿ, ಬ್ಯಾಗಿಗೆ ಹಾಕಿಕೊಂಡೆ. ಒಬ್ಬಟ್ಟಿನಗಲದ ಕಲ್ಲು. ಫೋಟೋ ತೆಗೆಯುವ ಮುಂಚೆ ಅದನ್ನು ಮುಖದ ಹತ್ತಿರ ಹಿಡಿದು ಮುಳ್ಳು ನೋಡುವುದು, ಇಷ್ಟೇ ನನ್ನ ವಿದ್ಯೆ.

ಹುಲ್ಲಹಳ್ಳಿಯ ಒಂದು ಮದುವೆಯಲ್ಲಿ ಹಾಗೆ ಕಲ್ಲು ಹಿಡಿದಾಗ ಮದುವಣಗಿತ್ತಿಯ ಅಜ್ಜಿ ನನ್ನ ರಟ್ಟೆ ಹಿಡಿದುಕೊಂಡಿತು. "ಯಾಕ್ಲಾ, ಮದ್ವೆಣ್ಣಿನ ಮೊಕಕ್ಕೆ ಕಲ್ಲಿಡೀತೀಯಾ? ಏನ್ಲಾ ಮಾಟವ ಇದು?"

ಚಪ್ಪರದಲ್ಲಿದ್ದವರೆಲ್ಲ ತಿರುಗಿದರು. ಮೀಟರು, ಬೂದು, ಎಮ್ಮೆ ಎಂದೆಲ್ಲ ವಿವರಿಸಲು ಹೊತ್ತಿರಲಿಲ್ಲ. ಎಮ್ಮೆಯ ಹೆಸರೆತ್ತಿದ್ದರೆ ಒದೆಯೇ ಬೀಳುತ್ತಿತ್ತು. "ದೃಷ್ಟಿ ಕಲ್ಲು ಕಣಜ್ಜಿ" ಎಂದುಬಿಟ್ಟೆ. "ಫೋಟೋದಲ್ಲಿ ದೃಷ್ಟಿ ಆಗ್ಬಾರ್ದು ಅಂತ."

ಕೆಟ್ಟೆ. ಅಜ್ಜಿ ಕೈ ಬಿಟ್ಟಿತು, ಊರು ಹಿಡಿದುಕೊಂಡಿತು. ಗಂಡಿಗೂ ಹಿಡಿ ಎಂದರು. ಗಂಡಿನ ತಾಯಿಗೂ ಹಿಡಿ ಎಂದರು. ಬಾಣಂತಿ ಒಬ್ಬಳು ಮಗು ತಂದಳು, ಅಡಿಗೆ ಭಟ್ಟರು ಸೌಟು ಕೆಳಗಿಟ್ಟು ಬಂದು ಕಣ್ಣು ಮುಚ್ಚಿ ನಿಂತರು. ಕೊನೆಗೆ ಹೊಸ ಟ್ರ್ಯಾಕ್ಟರಿಗೂ ಹಿಡಿದು ಬಂದೆ. ತಮಾಷೆಯೆಂದರೆ ಎಲ್ಲರ ಮುಖಕ್ಕೂ ಕಲ್ಲು ಹಿಡಿದು ಅಳೆದ ಆ ಮದುವೆಯ ಒಂದು ಫೋಟೋವೂ ಕೆಡಲಿಲ್ಲ. ಆಮೇಲೆ ಆ ಕಡೆಯ ಊರುಗಳಿಂದ ಬಂದವರೆಲ್ಲ ಸ್ಟುಡಿಯೋದಲ್ಲಿ ಕೇಳುತ್ತಿದ್ದದ್ದು ಒಂದೇ: "ಕಲ್ ಇಡ್ಯೋ ಫೋಟೋದೋರು ಅವ್ರಾ?" ಯಜಮಾನರು ಒಳಗೆ ಬಾಯಿಗೆ ವಲ್ಲಿ ಒತ್ತಿಕೊಂಡು ನಗುತ್ತಿದ್ದರು. ಧಾರೆಯ ಫೋಟೋ ಆದ ಮೇಲೆ ಅವರು ಮನಸಾರೆ ನಕ್ಕದ್ದನ್ನು ನಾನು ಮೊದಲ ಸಲ ಕೇಳಿಸಿಕೊಂಡದ್ದು ಆಗಲೇ. ಇನ್ನೂ ಹತ್ತು ಟ್ರ್ಯಾಕ್ಟರಿಗೆ ಬೇಕಾದರೂ ಹಿಡಿಯುತ್ತೇನೆ ಎಂದುಕೊಂಡೆ.

ಇನ್ನೊಂದು ಮಾತು, ಇದು ರಶ್ಮಿಯ ಪ್ರಶ್ನೆಗೆ ಉತ್ತರ. ನಮ್ಮ ಮೀಟರಿಗೆ ಗುಂಡಿಯಂಥ ಪಾದರಸದ ಸೆಲ್ಲು ಬರುತ್ತಿತ್ತು. ಅದು ಅಂಗಡಿಗಳಿಂದ ಮಾಯವಾಯಿತು. ಈಗಿನ ಸೆಲ್ಲು ಅಳತೆಗೆ ಕೂರುತ್ತದೆ, ಆದರೆ ಕರೆಂಟು ಒಂದು ತೂಕ ಜಾಸ್ತಿ. ಮುಳ್ಳು ಹೆಚ್ಚು ಓಡಿ, ಇಲ್ಲದ ಬೆಳಕನ್ನು ಇದೆ ಎನ್ನುತ್ತದೆ. ಅದನ್ನು ನಂಬಿದರೆ ಫೋಟೋ ಕಪ್ಪು. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತಾರೆ, ಇಲ್ಲಿ ನೆಲವೇ ಡೊಂಕು. ರೀಲಿನ ಮೇಲೆ ಬೆಳಕು ಹಿಡಿಯುವ ಚುರುಕು ನೂರು ಎಂದಿದ್ದರೆ ಕ್ಯಾಮೆರಾದಲ್ಲಿ ಐವತ್ತರ ಹತ್ತಿರ ಇಡು, ಎರಡು ಸುಳ್ಳು ಸೇರಿ ಹೆಚ್ಚುಕಡಿಮೆ ನಿಜವಾಗುತ್ತದೆ ಎಂದೆ. ಅವಳು ಹಾಗೆಯೇ ಮಾಡಿ ಮುಂದಿನ ತಿಂಗಳು ಫೋಟೋಗಳನ್ನು ತಂದು ತೋರಿಸಿದಳು. ಬನ್ನೂರಿನ ಕಬ್ಬಿನ ಗದ್ದೆ, ಅವಳ ಅವ್ವ, ಅವರ ಮನೆಯ ಬೆಕ್ಕು. ಎಲ್ಲ ಮುದ್ದಾಗಿ ಬಂದಿದ್ದವು. ಹೊರಡುವಾಗ ಅವಳೇ ಅಂದಳು: "ಅಂಕಲ್, ಮುಂದಿನ ವಾರ ನರಸೀಪುರದಲ್ಲಿ ಒಂದು ಅರವತ್ತರ ಶಾಂತಿ ಒಪ್ಕೊಂಡಿದೀನಿ. ಯಾರೋ ನಾಗರಾಜ ಮೇಷ್ಟ್ರು ಅಂತ. ಆ ಆಂಟಿ ಅಂತರಪಟ ಹಿಡೀಲೇಬೇಕು ಅಂತ ಹಟ ಮಾಡ್ತಾವ್ರೆ."

ಕೈಲಿದ್ದ ಲೋಟ ಬಿತ್ತು. ಅರವತ್ತು ತುಂಬಿದಾಗ ಗಂಡಹೆಂಡತಿಗೆ ಇನ್ನೊಮ್ಮೆ ಮದುವೆ ಮಾಡುತ್ತಾರೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅಂಥ ಹತ್ತಾರು ಫೋಟೋ ತೆಗೆದಿದ್ದೇನೆ. ಗಿರಿಜಳಿಗೂ ಅದು ಬರುತ್ತದೆ ಎನ್ನುವುದು ಮಾತ್ರ ಈ ಮಣ್ಣುತಲೆಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಫೋನೂ ಬಂತು. "ಮಾದೇವಣ್ಣ, ಎರಡನೇ ಚಾನ್ಸು" ಎಂದಳು ಗಿರಿಜ. "ಆ ಹಳೇ ಕ್ಯಾಮೆರಾ ತತ್ತಾ. ಕಲ್ಲೂ ತತ್ತಾ. ಅಪ್ಪ ಬರ್ತಾರೆ."

ಸ್ಟುಡಿಯೋ ಮುಚ್ಚಿದ ದಿನ ಯಜಮಾನರು ಆ ರೇಂಜ್‌ಫೈಂಡರನ್ನು ನನಗೇ ಕೊಟ್ಟಿದ್ದರು. ಅದನ್ನು ಒರೆಸಿ, ರೀಲು ತುಂಬಿ, ನರಸೀಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ನಾಲ್ಕು ಸಲ ಬ್ಯಾಗು ತೆರೆದು ಕಲ್ಲು ಇದೆಯೇ ಎಂದು ಮುಟ್ಟಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋಯಿತು.

ಮೇಷ್ಟ್ರ ಮನೆಯಂಗಳದಲ್ಲಿ ಚಪ್ಪರ. ಎಂಬತ್ತೆರಡು ವರ್ಷದ ಶ್ರೀಕಂಠಯ್ಯನವರು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ಅಂಗೈ ಬಿಡಿಸಿ ನೋಡಿಕೊಂಡು, "ಅರವತ್ತಕ್ಕೆ ಐದೂವರೆ" ಎಂದರು. ಈ ಸಲ ಅವರು ಧಾರೆ ಎರೆಯುವವರಲ್ಲ, ಬರೀ ನೋಡುವವರು. ಗಿರಿಜಳ ಮಗ ಅವರ ಕುರ್ಚಿಯನ್ನು ತಂದು ಮೇಷ್ಟ್ರ ಭುಜದ ಹಿಂದೆ, ನಾನು ನಿಲ್ಲುವ ಜಾಗದ ಪಕ್ಕದಲ್ಲೇ ಹಾಕಿದ. ನನಗೆ ಎಷ್ಟು ಹಗುರವಾಯಿತೆಂದರೆ, ಇವತ್ತು ಫೋಟೋ ಕೆಟ್ಟರೂ ಅವರು ಕಣ್ಣಾರೆ ನೋಡುತ್ತಾರಲ್ಲ ಎಂದುಕೊಂಡೆ.

ಪಂಚೆ ಹಿಡಿಯುವ ಮುಂಚೆಯೇ ಗಿರಿಜಳ ಕೆನ್ನೆಯ ಹತ್ತಿರ ಕಲ್ಲು ಹಿಡಿದು ಮುಳ್ಳು ನೋಡಿದೆ. ಯಜಮಾನರು ಹೇಳಿದಷ್ಟೇ ಬಂತು, ಅರವತ್ತಕ್ಕೆ ಐದೂವರೆ. ಆ ಅಂಗೈಗೆ ಸೆಲ್ಲು ಬೇಡ. ಆಟೋ ತಪ್ಪಿಸಿ, ಅಳತೆಯನ್ನು ಕೈಯಲ್ಲೇ ಇಟ್ಟು, ಅಲ್ಲಿಂದ ಮುಳ್ಳಿನ ಕಡೆ ತಿರುಗಿಯೂ ನೋಡಲಿಲ್ಲ. "ಅದೇನ್ರೀ ಕಲ್ಲು?" ಎಂದು ಪುರೋಹಿತರು ಕೇಳಿದರು. "ಅವ್ರ ಮೀಟರು ಸ್ವಾಮಿ, ಮುಂದುವರ್ಸಿ" ಎಂದರು ಮೇಷ್ಟ್ರು.

ಪಂಚೆ ಹಿಡಿದರು. ಅದೇ ಬಿಸಿಲು, ಅದೇ ಬಿಳುಪು. ಮಂಗಳಾಷ್ಟಕ ಶುರುವಾಗುತ್ತಿದ್ದಂತೆ ನನ್ನ ಕಣ್ಣಲ್ಲಿ ನೀರು ಬಂದು, ಕಿಟಕಿಯಲ್ಲಿ ಬಾಸಿಂಗ ಎರಡಲ್ಲ, ನಾಲ್ಕು ಕಂಡವು. ಯಾವುದನ್ನು ಯಾವುದಕ್ಕೆ ಸೇರಿಸಲಿ? ಆರಡಿ ಎಂದು ಅಂದಾಜಿಗೆ ಉಂಗುರ ತಿರುಗಿಸಿಟ್ಟೆ. ಗಟ್ಟಿಮೇಳ ಎದ್ದಿತು. ಪಂಚೆ ಬಿತ್ತು. ಒತ್ತಿದೆ.

ಅಕ್ಷತೆಯ ಗಲಾಟೆ ಅಡಗಿದ ಮೇಲೆ ಯಜಮಾನರ ಕಿವಿಯ ಹತ್ತಿರ ಬಗ್ಗಿ ಕೇಳಿದೆ: "ನೋಡುದ್ರಾ ಸಾ? ಗಿರಿಜಮ್ಮನ ಮುಖ?"

ಅವರು ಪೆಚ್ಚಾಗಿ ನನ್ನನ್ನೇ ನೋಡಿದರು. "ಇಲ್ಲ ಕಣೋ. ನಿನ್ ಬೆರಳು ನೋಡ್ತಿದ್ದೆ. ಮತ್ತೆ ಎಲ್ಲಿ ಅರ್ಧ ಒತ್ಬಿಡ್ತೀಯೋ ಅಂತ."

ನಾನು ಅಲ್ಲೇ ಕೆಳಗೆ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವರೂ ಮಾಡಿದರು. ಇಬ್ಬರು ಮುದುಕರು ಮದುವೆ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ರಶ್ಮಿ ಓಡಿ ಬಂದಳು. ವಿಷಯ ತಿಳಿದು, "ತಾತ, ನಂದ್ರಲ್ಲೂ ಬಂದದೆ, ಈಗ್ಲೇ ತೋರುಸ್ತೀನಿ" ಎಂದು ತನ್ನ ಕ್ಯಾಮೆರಾದ ಪರದೆ ಹಿಡಿದಳು. ಯಜಮಾನರು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. "ಬೇಡಮ್ಮ. ನಂದು ಅವನ್ ಹತ್ರ ಐತೆ. ಮೂವತ್ನಾಲ್ಕು ವರ್ಷ ಕಾದಿದೀನಿ, ಇನ್ನೊಂದ್ ನಾಲ್ಕು ದಿನ."

ಆ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ದೂರ ಅಂದಾಜಿನದು, ಕಣ್ಣಲ್ಲಿ ನೀರಿತ್ತು. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಹಳೇ ಟ್ರೇಗಳನ್ನು ತೊಳೆದು, ಒಬ್ಬನೇ ಬಗ್ಗಿ ನಿಂತೆ. ಮೊದಲು ಪೇಟದ ಅಂಚು ಮೂಡಿತು. ಆಮೇಲೆ ಬಾಸಿಂಗ. ಬಾಸಿಂಗದ ಕೆಳಗೆ ಮೆಲ್ಲಮೆಲ್ಲಗೆ ಹುಬ್ಬು, ಕಣ್ಣು, ಮೂಗುತಿ, ಸುಕ್ಕು, ಬಾಯಿ ತುಂಬ ನಗು. ಕೈ ಆಗಲೇ ಖಾಲಿ, ಜೀರಿಗೆ ಬೆಲ್ಲವೆಲ್ಲ ಮೇಷ್ಟ್ರ ಪೇಟದ ಮೇಲೆ. ಭಾಗ್ಯ ಬಾಗಿಲು ಬಡಿದು, "ಏನಾಯ್ತು, ಯಾಕ್ ಕಿರುಚ್ಕೊಂಡ್ರಿ?" ಎಂದು ಕೇಳಿದಳು. ನಾನು ಕಿರುಚಿದ್ದು ನನಗೇ ಗೊತ್ತಿಲ್ಲ.

ಪ್ರಿಂಟಿನ ಅಂಚು ಇನ್ನೂ ಒದ್ದೆಯಿರುವಾಗಲೇ ಯಜಮಾನರ ಮನೆಗೆ ಓಡಿದೆ. ಗಿರಿಜ ಅಪ್ಪನನ್ನು ನೋಡಲು ಬಂದಿದ್ದಳು. ಫೋಟೋ ಕಂಡಿದ್ದೇ, "ಖಾಲಿ ಕೈ ನೋಡಿ, ಖಾಲಿ ಕೈ, ನಾನೇ ಮೊದ್ಲು" ಎಂದು ಗಂಡನಿಗೆ ಫೋನು ಹಚ್ಚಿಕೊಂಡು ಅಂಗಳಕ್ಕೆ ಹೋದಳು. ಯಜಮಾನರು ಹಳೇ ಭೂತಗನ್ನಡಿ ತರಿಸಿ ಕಿಟಕಿಯ ಬೆಳಕಿಗೆ ಫೋಟೋ ಹಿಡಿದರು. ನಾನು ಮೊದಲ ದಿನ ಸ್ಟೂಲಿನ ಮೇಲೆ ಕೂತಂತೆಯೇ ತುದಿಯಲ್ಲಿ ಕೂತಿದ್ದೇನೆ. ಭೂತಗನ್ನಡಿ ಮಗಳ ಮುಖದ ಮೇಲೆ ನಿಂತದ್ದು ಅಲ್ಲಾಡಲೇ ಇಲ್ಲ.

ಕೊನೆಗೆ ಮೂಗು ಒರೆಸಿಕೊಂಡು ಹೇಳಿದರು: "ಬೆಳಕು ಅರ್ಧ ಸ್ಟಾಪು ಜಾಸ್ತಿ ಆಯ್ತಲ್ಲೋ, ಮಾದೇವ."

"ಇನ್ನೊಂದ್ ಪ್ರಿಂಟು ಆಕ್ಕೊಂಡ್ ಬತ್ತೀನಿ ಸಾ, ಕೊಡಿ" ಎಂದು ಕೈ ಚಾಚಿದೆ.

ಕೊಡಲಿಲ್ಲ.